ಮೂರನೇ ಪಾಲು

ಸಿಲಿಂಡರಿನ ಗಾಳಿ ತೋರಿಸುವ ಎರಡೂ ಗೇಜಿನ ಮುಳ್ಳುಗಳು ಒಂದೇ ಕಡೆ ನಿಂತಿದ್ದವು. ಭಾವ ಗಾಜನ್ನು ಒರೆಸಿ ಮತ್ತೊಮ್ಮೆ ನೋಡಿ, ಸಮ ಇದೆ, ಇಳಿಯೋಣ ಎಂದ. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಭಾಮೈದ ಡೈಲಾಗ್, ಹೀರೋ ಎಂಟ್ರಿಗೆ ಫ್ಯಾನ್ ಇಟ್ಟು ಗಾಳಿ ಬಿಡ್ತಾರೆ, ನಾವೇ ಬೆನ್ನ ಮೇಲೆ ಹೊತ್ಕೊಂಡು ಬಂದಿದೀವಿ ಎಂದ. ಭಾವ ನಗಲಿಲ್ಲ.

ಟಾಕೀಸಿನಲ್ಲಿ ಟಿಕೆಟ್ ಹರಿಯುವ ಕೆಲಸ, ಬಾಯಿ ಬಿಟ್ಟರೆ ಸಿನಿಮಾ ಮಾತು. ಹೀಗಾಗಿ ಊರೆಲ್ಲ ಅವನನ್ನು ಡೈಲಾಗ್ ಎಂದೇ ಕರೆಯುತ್ತಿತ್ತು. ಅಕ್ಕನ ಗಂಡ ಪಂಪ್ ಮೆಕ್ಯಾನಿಕ್. ರಜೆ ಸಿಕ್ಕರೆ ಸಾಕು, ನೀರು ತುಂಬಿದ ಈ ಗುಹೆಗೆ ಓಡಿಬರುತ್ತಿದ್ದ. ಒಳಗೆಲ್ಲೋ ಎರಡನೇ ಕೋಣೆಯಿದೆ ಎಂದು ಹಟ ಹಿಡಿದು ವರ್ಷಗಳೇ ಆಗಿದ್ದವು. ದಡದ ಬಂಡೆಯ ಮೇಲೆ ಕುಳಿತಿದ್ದ ಅಕ್ಕ ಹೇಳಿದ್ದು ಒಂದೇ ಮಾತು: "ಇಬ್ರೂ ಒಟ್ಟಿಗೆ ಬನ್ನಿ. ನಾನು ಯಾರದ್ದೂ ಜೆರಾಕ್ಸ್ ಇಟ್ಟಿಲ್ಲ."

ಲೆಕ್ಕ ಸುಲಭ. ಗಾಳಿಯಲ್ಲಿ ಮೂರು ಪಾಲು. ಒಂದು ಹೋಗಲು, ಒಂದು ಬರಲು. ಮೂರನೆಯದು ಜೊತೆಗಾರನದು, ಅವನ ಗಾಳಿ ಕೈಕೊಟ್ಟರೆ ಅವನನ್ನು ಹೊರಗೆ ತರಲು. ಇನ್ನೊಂದು ಕಟ್ಟಳೆಯಿತ್ತು. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಸಾಕು, ವಾಪಸ್' ಎಂದರ್ಥ. ಯಾರು ಎತ್ತಿದರೂ ಯಾಕೆಂದು ಕೇಳುವಂತಿಲ್ಲ. ಹೋದ ತಿಂಗಳು ಅಭ್ಯಾಸದ ಹೊತ್ತಿನಲ್ಲಿ ಡೈಲಾಗ್ ಸುಮ್ಮನೆ ತಮಾಷೆಗೆ ಎತ್ತಿದ್ದ. ಮೇಲೆ ಬಂದ ಭಾವ ಬೈಯಲಿಲ್ಲ. "ಇನ್ನೊಂದ್ಸಲ ಆಟಕ್ಕೆ ಎತ್ತಿದ್ರೆ ನಾನು ತಿರುಗಲ್ಲ ಕಣೋ" ಎಂದಷ್ಟೇ ಹೇಳಿದ.

ಮುಳುಗಿದರು. ಬರುವಾಗ ದಾರಿ ತಪ್ಪದಂತೆ ಹಗ್ಗ ಬಿಚ್ಚುತ್ತ ಭಾವ ಮುಂದೆ, ಡೈಲಾಗ್ ಹಿಂದೆ. ಕಲ್ಲಿನ ಸೂರು ತಲೆಗೆ ತಾಗುವಷ್ಟು ತಗ್ಗು. ಆಗಾಗ ನಿಂತು ಗೇಜು ತೋರಿಸಿಕೊಂಡಾಗಲೆಲ್ಲ ಮುಳ್ಳುಗಳು ಅಣ್ಣತಮ್ಮಂದಿರ ಹಾಗೆ ಜೊತೆಜೊತೆಗೇ ಇಳಿದಿರುತ್ತಿದ್ದವು. ಅದೇ ಡೈಲಾಗ್‌ಗೆ ಚುಚ್ಚಿತು. ಭಾವ ಇರುವೆಯಂತೆ ಉಸಿರಾಡುವವನು, ತಾನು ಎಮ್ಮೆಯಂತೆ. ಯಾವಾಗಲೂ ತನ್ನ ಮುಳ್ಳೇ ಮೊದಲು ಬೀಳುತ್ತಿತ್ತು. ಇವತ್ತೇಕೆ ಸಮ?

ಟಾರ್ಚಿನ ಬೆಳಕು ಭಾವನ ಬೆನ್ನಿಗೆ ಬಿತ್ತು. ಗಿಡ್ಡ ಸಿಲಿಂಡರ್‌ಗಳು. ಬೆಳಿಗ್ಗೆ ಎಂದಿನ ದೊಡ್ಡವುಗಳ ವಾಲ್ವ್ ಸೋರಿತೆಂದು ಶೆಡ್ಡಿನ ಹಳೆಯ ಜೋಡಿಯನ್ನು ತುಂಬಿಸಿಕೊಂಡು ಬಂದಿದ್ದ. ಲೋಟವೂ ತುಂಬಿದೆ, ಕೊಡವೂ ತುಂಬಿದೆ. ಮುಳ್ಳು ತೋರಿಸುವುದು ಒತ್ತಡವನ್ನು, ಅಳತೆಯನ್ನಲ್ಲ; ಅದಕ್ಕೆ ಎರಡೂ ಒಂದೇ. ತನ್ನ ಈ ಕೊಡ ಇಲ್ಲಿ ಒಡೆದರೆ, ಭಾವನ ಆ ಲೋಟದಲ್ಲಿ ಉಳಿದ ಮೂರನೇ ಪಾಲು ತನ್ನಂಥ ಎಮ್ಮೆಯನ್ನು ಅರ್ಧ ದಾರಿಗೂ ಮುಟ್ಟಿಸದು. ಆಗ ಒಬ್ಬನಲ್ಲ, ಇಬ್ಬರೂ ಇಲ್ಲೇ.

ಮುಂದೆ ಸೂರು ಎತ್ತರವಾಗುತ್ತಿತ್ತು. ಕಪ್ಪು ಅಗಲವಾಗುತ್ತಿತ್ತು. ಭಾವನ ಕಾಲುಗಳು ಚುರುಕಾದವು.

ಡೈಲಾಗ್ ಟಾರ್ಚನ್ನು ಅಡ್ಡಡ್ಡ ಬೀಸಿದ. ಭಾವ ತಿರುಗಿದ. ಡೈಲಾಗ್ ಹೆಬ್ಬೆರಳು ಎತ್ತಿದ.

ಭಾವ ಬೆಳಕನ್ನು ನೇರ ಅವನ ಮುಖಕ್ಕೆ ಹಿಡಿದ. ನಗುತ್ತಿದ್ದಾನೆಯೇ ಎಂದು ಹುಡುಕಿದ. ತನ್ನ ಗೇಜನ್ನು ಎತ್ತಿ ತೋರಿಸಿದ, ಇನ್ನೂ ಇದೆಯಲ್ಲ ಎನ್ನುವಂತೆ. ನೀರಿನಲ್ಲಿ ಬಾಯಿಗೆ ಕೆಲಸವಿಲ್ಲ. ಇದ್ದದ್ದು ಒಂದು ಬೆರಳು, ಅದೂ ಹಿಂದೊಮ್ಮೆ ಸುಳ್ಳು ಹೇಳಿದ್ದು. ಡೈಲಾಗ್ ಅದನ್ನು ಇಳಿಸಲಿಲ್ಲ. ಭಾವ ಒಮ್ಮೆ ಆ ಕತ್ತಲಿನ ಕಡೆ ನೋಡಿದ. ಹಗ್ಗದ ಸುರುಳಿಯನ್ನು ಎದೆಗೊತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ತೇಲಿದ.

ಆಮೇಲೆ ಹಗ್ಗವನ್ನು ವಾಪಸ್ ಸುತ್ತತೊಡಗಿದ.

ಬರುವ ದಾರಿಯಲ್ಲಿ ಏನೂ ಆಗಲಿಲ್ಲ. ತಲೆ ಹೊರಬಂದಾಗ ಅಕ್ಕ ಬಂಡೆಯಿಂದ ಎದ್ದು ನಿಂತಿದ್ದಳು. ಭಾವ ಮಾಸ್ಕ್ ಕಿತ್ತ.

"ಕೋಣೆ ಅಲ್ಲೇ ಇತ್ತಲ್ಲೋ. ಕೈಗೆಟುಕೋ ಹಂಗಿತ್ತು. ಯಾಕೆತ್ತಿದೆ?"

"ಅಲ್ಲಿ ನನ್ ಗಾಳಿ ನಿಂತೋಗಿದ್ರೆ, ಭಾವ?"

"ನಂದಿರ್ಲಿಲ್ವಾ?"

"ಮುಳ್ಳಲ್ಲಿತ್ತು. ಸಿಲಿಂಡರಲ್ಲಿ ಎಷ್ಟಿತ್ತು?"

ಭಾವನ ಕೈ ಬೆನ್ನ ಹಿಂದೆ ಹೋಗಿ ಸಿಲಿಂಡರಿನ ತಳವನ್ನು ತಡಕಿತು. ಎಂದಿನ ಜಾಗದಲ್ಲಿ ಬರೀ ನೀರು. ಕೈ ಇನ್ನೊಂದಿಷ್ಟು ಮೇಲೆ ಹೋಗಿ ತಣ್ಣನೆಯ ಲೋಹವನ್ನು ಮುಟ್ಟಿ ಅಲ್ಲೇ ನಿಂತಿತು. ಅಕ್ಕ ಏನಾಯ್ತು ಎಂದು ಕೇಳಿದಳು.

ಕಲ್ಲಿನ ಸೂರಿನಡಿ ಸಿಕ್ಕಿಬಿದ್ದಿದ್ದ ಅವರ ಉಸಿರು ದಾರಿ ಹುಡುಕಿಕೊಂಡು ಹೊರಗೆ ಬರುತ್ತಿತ್ತು. ಅವರ ಹಿಂದೆ, ಯಾರೂ ಇಲ್ಲದ ನೀರಿನ ಮೇಲೆ, ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತಿತ್ತು.