ಅರ್ಧ ಬಟ್ಟಲು ಚಹಾ

ಕಣಿವೆಯ ಬಾಯಲ್ಲಿದ್ದ ಚಾರ್ಜಿಂಗ್ ಕಂಬ ಸತ್ತಿತ್ತು. ನವೆಂಬರಿನಲ್ಲಿ ಇಲ್ಲಿ ಕರೆಂಟು ಹೀಗೇ. ಚಳಿಯೂ ಕಾರಿನ ಬ್ಯಾಟರಿಯನ್ನು ತಿಂದಿತ್ತು. ಉಳಿದದ್ದರಲ್ಲಿ ಘಾಟಿ ಹತ್ತುವಂತಿರಲಿಲ್ಲ. ಘಾಟಿಯಾಚೆ ಅತ್ತೆಯ ಮನೆಯಲ್ಲಿ, ಹೋದ ವರ್ಷ ತೀರಿಕೊಂಡ ನನ್ನ ಗಂಡ ಎರ್ಬೊಲಾತನ ವರ್ಷದ ಊಟ. ಹೊತ್ತು ಮುಳುಗುವುದರೊಳಗೆ ಹಿರಿಯ ಹೆಂಗಸರು ನನ್ನ ತಲೆಯ ಕಪ್ಪು ವಸ್ತ್ರ ಬಿಚ್ಚಿ ಬಿಳಿಯದು ಕಟ್ಟಬೇಕು; ಅಲ್ಲಿಗೆ ಶೋಕ ಮುಗಿದಂತೆ.

ಕಾರು ಅವನದೇ.

ರಸ್ತೆ ಬದಿಯ ಮೊದಲ ಮನೆಯ ಬಾಗಿಲು ತಟ್ಟಿದೆ. ಸಗಿನ್ ಎಂಬ ಮುದುಕರು ಹೊರಬಂದು ಕಾರನ್ನೊಮ್ಮೆ ಸುತ್ತಿದರು.

"ಕುದುರೆ ಆಗಿದ್ರೆ ಒಂದು ಹಿಡಿ ಹುಲ್ಲು ಹಾಕ್ತಿದ್ದೆ. ಇದಕ್ಕೇನಮ್ಮಾ, ತಂತಿ ತಿನ್ನಿಸ್ಬೇಕಾ?"

ಕಿಟಕಿಯಿಂದ ವೈರು ಬಂತು. ಕಾರಿನ ಹಸಿರು ದೀಪ ಹತ್ತಿತು. ಒಳಗೆ ಅವರ ಹೆಂಡತಿ ಕಲಿಪಾ ಚಹಾಕ್ಕೆಂದು ಕರೆಂಟಿನ ಕೆಟಲ್ ಹಾಕಿದರು. ವೋಲ್ಟೇಜು ಕುಸಿದು ಹಸಿರು ದೀಪ ಆರಿತು.

ನಮ್ಮಲ್ಲಿ ಅತಿಥಿಗೆ ಬಟ್ಟಲು ತುಂಬ ಚಹಾ ಕೊಡುವುದಿಲ್ಲ. ತುಂಬಿಸಿದರೆ, ಕುಡಿದು ಹೊರಡು ಎಂದರ್ಥ. ಕಲಿಪಾ ಎರಡೆರಡು ಗುಟುಕು ಸುರಿಯುತ್ತಿದ್ದರು. ಮುಗಿದರೆ ಮತ್ತೆ. ಆರಿದರೆ ಮತ್ತೆ ಕೆಟಲ್. ಕಿಟಕಿಯಾಚೆ ಕಾರಿನ ದೀಪ ಹತ್ತುತ್ತಿತ್ತು, ಆರುತ್ತಿತ್ತು. ನಾನು ರೊಟ್ಟಿಯ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದೆ.

"ಮುಳ್ಳಿನ ಮೇಲೆ ಕೂತಿದೀಯೇನೇ? ಸರಿಯಾಗಿ ಕೂತ್ಕೋ," ಎಂದರು ಕಲಿಪಾ.

ಕಪ್ಪು ವಸ್ತ್ರ ಕಂಡು ಪಕ್ಕದ ಮನೆಯ ಹೆಂಗಸರೂ ಬಂದರು. ನನ್ನನ್ನು ತಬ್ಬಿ ಅತ್ತರು. ಅವರಿಗೂ ಚಹಾ. ಒಬ್ಬಳು ನನಗಾಗಿ ಹಿಟ್ಟಿನುಂಡೆ ಕರಿಯಲು ಮನೆಗೆ ಓಡಿ ವಿದ್ಯುತ್ ಒಲೆ ಹಚ್ಚಿದಳು. ಬೀದಿಗೆಲ್ಲ ಒಂದೇ ಲೈನು; ಹಸಿರು ದೀಪ ಹತ್ತುವುದನ್ನೇ ಬಿಟ್ಟಿತು. ನೆಲದ ಕಂಬಳಿಯ ಮೇಲಿದ್ದ ಬಿಸಿಲು ಗೋಡೆಯ ಕಡೆಗೆ ಸರಿಯುತ್ತಿತ್ತು.

ಚಹಾ ಬೇಡವೆಂದರೆ ಮನೆಗೆ ಅವಮಾನ. ಕಾರಣ ಹೇಳಿದರೆ ಇನ್ನೂ ಕಷ್ಟ. ಗಂಡನ ಹೆಸರಿನ ಕಪ್ಪು ವಸ್ತ್ರ ಕಳಚಲು ಆತುರಪಡುವ ಹೆಂಗಸು! ಮೂರು ಸಲ ಬಾಯಿ ತೆರೆದು ಮುಚ್ಚಿದೆ.

ಕಲಿಪಾ ಮತ್ತೆ ಕೆಟಲ್‌ಗೆ ಕೈ ಹಾಕಿದಾಗ ಅವರ ಮಣಿಕಟ್ಟು ಹಿಡಿದುಕೊಂಡೆ.

"ಬೇಡಮ್ಮಾ. ಇವತ್ತು ನನ್ನ ಗಂಡನ ವರ್ಷ. ಹೊತ್ತು ಮುಳುಗೋದ್ರೊಳಗೆ ಘಾಟಿ ದಾಟ್ಬೇಕು. ಕೆಟಲ್ ಹಾಕಿದಾಗೆಲ್ಲ ಕಾರು ನಿಂತೋಗ್ತಿದೆ."

ಕಲಿಪಾ ಕೆಟಲ್ ಕೆಳಗಿಟ್ಟರು.

"ಅಯ್ಯೋ ಪೆದ್ದೀ! ಬೆಳಗ್ಗೆಯಿಂದ ಬಾಯಲ್ಲೇನು ಉಣ್ಣೆ ತುಂಬ್ಕೊಂಡಿದ್ಯಾ?" ಎಂದರು ಕಲಿಪಾ. ಗಂಡನ ಕಡೆ ತಿರುಗಿದರು. "ಏ ಮುದುಕಾ, ನೋಡ್ತಾ ನಿಂತಿದೀಯಲ್ಲ, ಸಮೋವಾರ್ ಹಂಡೆ ತೆಗಿ, ಬೆರಣಿ ಹಾಕು!"

ಬೇಲಿಯ ಬಳಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಒಲೆ ಆರಿಸ್ರೇ! ಹೀಟರೂ ಆರಿಸಿ! ಈ ಹುಡುಗಿ ಬಿಳಿ ಕಟ್ಕೊಳ್ಳೋಕೆ ಹೋಗ್ಬೇಕು!"

ಒಂದೊಂದೇ ಚಿಮಣಿಯಿಂದ ಬೆರಣಿ ಹೊಗೆ ಎದ್ದಿತು. ಹಸಿರು ದೀಪ ಹತ್ತಿತು, ಮತ್ತೆ ಆರಲಿಲ್ಲ. ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ಹೊಗೆ ವಾಸನೆಯ ಚಹಾವನ್ನು ನಿಂತೇ ಕುಡಿದೆ, ಎರಡೆರಡು ಗುಟುಕು.

ಬಿಸಿಲು ಬೇಲಿಯಾಚೆ ಇಳಿದಾಗ ಸಗಿನ್ ಕಾರಿನೊಳಗೆ ಬಗ್ಗಿ ನೋಡಿದರು. "ನೆತ್ತಿವರೆಗೆ ಸಾಕು. ಆಮೇಲೆ ಇಳಿಜಾರು, ತನ್ನ ಹೊಟ್ಟೆ ತಾನೇ ತುಂಬ್ಕೊಳ್ಳುತ್ತೆ."

ಕಲಿಪಾ ನನ್ನ ಬಟ್ಟಲಿಗೆ ಅಂಚು ಮುಟ್ಟುವಷ್ಟು ಚಹಾ ಸುರಿದರು. ಕೈಗೆ ಚೆಲ್ಲಿತು.

"ಕುಡಿ. ಎದ್ದು ಹೋಗು."

ಕಾರಿನ ಹೀಟರ್ ಆರಿಸಿಕೊಂಡೇ ಘಾಟಿ ಹತ್ತಿದೆ. ನೆತ್ತಿಯಲ್ಲಿ ಬಿಸಿಲಿತ್ತು. ಇಳಿಜಾರಿನ ಕೆಳಗೆ ಅತ್ತೆಯ ಮನೆ ಕಂಡಿತು. ಬೇಲಿಯ ಹತ್ತಿರ ಹೆಂಗಸರು ನಿಂತಿದ್ದರು. ಒಬ್ಬರ ಕೈಯಲ್ಲಿ ಬಿಳಿಯದೇನೋ ಗಾಳಿಗೆ ಅಲುಗುತ್ತಿತ್ತು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬ್ರೇಕು ಒತ್ತಿದಷ್ಟೂ ಬ್ಯಾಟರಿಯ ಚಾರ್ಜು ಏರುತ್ತಿತ್ತು.

ಆಮೇಲೆ ಕಾಲು ತೆಗೆದೆ.