ಖಾಲಿ ಉಳಿದ ಸಾಧನೆಯ ಪುಟ

ಸರ್ಬಿಯಾದ ನಮ್ಮ ವಿಶ್ವವಿದ್ಯಾಲಯದ ವಾರಪತ್ರಿಕೆಗೆ ನಾನೇ ಸಂಪಾದಕಿ. ಕಾರ್ಯಕ್ರಮಗಳ ಪುಟ ತುಂಬುತ್ತದೆ, ಅನುದಾನಗಳ ಪುಟವೂ ತುಂಬುತ್ತದೆ. ಅಧ್ಯಾಪಕರ ಸಾಧನೆಯ ಪುಟ ಮಾತ್ರ ಬೋಳು. ಸುದ್ದಿ ಕೊಡಿ ಎಂದು ಕೇಳಿ ಕೇಳಿ ನನ್ನ ಬಾಯಿ ಒಣಗಿತು.

ಭೂವಿಜ್ಞಾನದ ತಿಹೋಮಿರ್‌ಗೆ ವಿಯೆನ್ನಾದಲ್ಲಿ ಪದಕ ಬಂದದ್ದು ನನಗೆ ಗೊತ್ತಾದದ್ದೇ ವಿಯೆನ್ನಾದವರಿಂದ! ಮೈ ಉರಿದು ಅವರ ಕೋಣೆಗೇ ನುಗ್ಗಿದೆ.

"ಮಿಲುಂಕಾ, ಕೈ ಮುಗೀತೀನಿ, ಹಾಕ್ಬೇಡ ತಾಯಿ. ಹೋದ್ಸಲ ನೀನು ನನ್ನ ಪುಸ್ತಕದ ಸುದ್ದಿ ಹಾಕ್ದೆ. ಪಾರ್ಟಿ ಕೊಡ್ಸು ಅಂತ ಇಡೀ ವಿಭಾಗ ಬಂದು ಕೂತ್ಕೊಳ್ತು. ಸುಟ್ಟ ಹಂದಿಮರಿ, ಪ್ಲಮ್ ಸಾರಾಯಿ... ಮುಖಪರಿಚಯ ಇಲ್ದಿರೋ ಕಾನೂನು ವಿಭಾಗದವರೂ ತಿಂದು ಹೋದ್ರು!"

"ಹಾಗಾದ್ರೆ ಕೊಡಿಸ್ಬೇಡಿ."

"ಕೊಡಿಸ್ದೆ ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ?"

ಎಲ್ಲರದ್ದೂ ಇದೇ ರಾಗ. ಈ ವಾರವೂ ಪುಟ ಖಾಲಿ ಹೋಯಿತು. ಕುಲಪತಿ ರಾಡೊಯ್ಕಾ ಮೇಡಂ ನನ್ನನ್ನು ಕರೆಸಿ, ಪತ್ರಿಕೆಯನ್ನು ಮೇಜಿನ ಮೇಲೆ ಬಿಸಾಡಿದರು.

"ನಮ್ಮವರು ಏನೂ ಕಡಿದು ಕಟ್ಟೆ ಹಾಕಿಲ್ಲ ಅಂತ ಊರೆಲ್ಲ ನಗುತ್ತೆ ಕಣೇ!"

ನನಗೂ ತಾಳ್ಮೆ ಕೆಟ್ಟಿತು. "ಮೊನ್ನೆ ಪೋಲೆಂಡಿನವರು ನಿಮಗೆ ಗೌರವ ಡಾಕ್ಟರೇಟ್ ಕೊಟ್ರಲ್ಲ ಮೇಡಂ, ಮುಂದಿನ ವಾರ ಅದನ್ನೇ ದೊಡ್ಡದಾಗಿ ಹಾಕ್ತೀನಿ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಮೆಲ್ಲಗೆ ಮಾತಾಡೇ! ಇಡೀ ವಿಶ್ವವಿದ್ಯಾಲಯಕ್ಕೆ ನಾನೊಬ್ಳೇ ಉಣ್ಸೋಕಾಗುತ್ತಾ?"

ಆಮೇಲೆ ಅನುದಾನಗಳ ಪುಟವನ್ನು ನನ್ನ ಕಡೆ ತಳ್ಳಿದರು.

"ಹಂದಿಮರಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ನೋಡು."