ಗಣಿಬಾಯಿಗೆ ಅಡ್ಡ ನಿಂತ ಖಮೈಸ್

ಎಲ್ಲಿ ನಾಲ್ಕು ಜನ ಸೇರಿದರೂ ಖಮೈಸನ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಮದುವೆಯ ಮನೆಯಿರಲಿ, ಶವದ ಮೆರವಣಿಗೆಯಿರಲಿ, ಮಸೀದಿಯ ಅಂಗಳವಿರಲಿ, ತುಟಿ ಅಲುಗಿಸುತ್ತ ಆತ ತಲೆಗಳನ್ನು ಎಣಿಸುತ್ತಿದ್ದ. ಜೀವಂತ ಮನುಷ್ಯರನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ನಂಬಿದ ಊರು ಅದು. ಮಕ್ಕಳೆಷ್ಟೆಂದು ಕೇಳಿದರೆ ಹೆತ್ತ ತಾಯಿಯೇ ಸಂಖ್ಯೆ ಹೇಳದೆ ಮಾತು ಮರೆಸುವಳು. ಹೀಗಾಗಿ ಅವನನ್ನು ಕಂಡೊಡನೆ ಹೆಂಗಸರು ಐದು ಬೆರಳನ್ನೂ ಅಗಲಿಸಿ ಅಡ್ಡ ಹಿಡಿಯುತ್ತಿದ್ದರು, ಗಂಡಸರು ನೆಲಕ್ಕೆ ಉಗುಳುತ್ತಿದ್ದರು.

ದಕ್ಷಿಣ ಟ್ಯುನೀಷಿಯಾದ ಆ ಫಾಸ್ಫೇಟ್ ಗಣಿಯಲ್ಲಿ ಬೆಂಕಿ, ಕುಸಿತಗಳ ಹೊತ್ತಿನ ಉಸ್ತುವಾರಿ ಖಮೈಸನದು. ಉರಿಬಿಸಿಲಲ್ಲೂ ಬಿಚ್ಚದ ಒಂಟೆಯುಣ್ಣೆಯ ನಿಲುವಂಗಿ, ಹಿಂದೆಂದೋ ಬಂಡೆ ಬಿದ್ದು ಸೊಟ್ಟಗಾದ ಎಡಗಾಲನ್ನು ಎಳೆದುಕೊಂಡು ಸಾಗುವ ನಡಿಗೆ, ಯಾರು ಏನು ಹೇಳಿದರೂ "ಹೌದು, ಆದರೆ ಮೊದಲು ಸಾಲು" ಎಂಬ ಒಂದೇ ಉತ್ತರ. ಪ್ರತಿ ಗುರುವಾರ ಪಾಳಿ ಮುಗಿದು, ಬೆವರೂ ಧೂಳೂ ಕಲೆತು ಮೈ ಕೆಸರಾಗಿ, ಮನೆಯ ರೊಟ್ಟಿ, ಹರೀಸಾ ಮೆಣಸಿನ ಚಟ್ನಿಯ ನೆನಪಿಗೆ ಹೊಟ್ಟೆ ಚುರುಗುಟ್ಟುವ ಹೊತ್ತಿಗೇ ಆತ ತಾಲೀಮಿನ ಸೀಟಿ ಊದುವನು. ನೀರಿನ ಟ್ಯಾಂಕಿನ ಕೆಳಗೆ ಐದೈದು ಜನರ ಸಾಲು ನಿಲ್ಲಬೇಕು; ಒಳಗಿಳಿಯುವಾಗ ಹಲಗೆಯ ಮೊಳೆಗೆ ಸಿಕ್ಕಿಸಿದ ತನ್ನ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಪ್ರತಿಯೊಬ್ಬನೂ ತೆಗೆದು ತೋರಿಸಬೇಕು; ಅನಾಹುತವಾದಾಗ ಹೊರಬಂದವನು ಯಾವ ಕಾರಣಕ್ಕೂ ಮತ್ತೆ ಒಳಗೆ ಕಾಲಿಡಕೂಡದು. ಒಬ್ಬ ನಕ್ಕರೆ ಎಣಿಕೆ ಮತ್ತೆ ಮೊದಲಿನಿಂದ.

ಇದರಿಂದ ಎಲ್ಲರಿಗಿಂತ ಹೆಚ್ಚು ರೇಗುತ್ತಿದ್ದವನು ತಿಜಾನಿ. ಕಾರ್ಮಿಕ ಸಂಘದ ಮುಖಂಡ, ಎರಡು ಸಲ ಜೈಲು ಕಂಡವನು, ಹಳಿಯ ಮೇಲೆ ಡೇರೆ ಹೊಡೆದು ನಲವತ್ತು ದಿನ ಅದಿರಿನ ರೈಲು ತಡೆದವನು.

"ನಾವು ಗಾಳಿಯಂತ್ರ ಕೇಳಿದ್ವಿ, ಗಟ್ಟಿ ಆಸರೆ ಕಂಬ ಕೇಳಿದ್ವಿ. ಕಂಪನಿಯವರು ತಲೆ ಎಣಿಸೋಕೆ ಒಬ್ಬ ಕುಂಟನ್ನ ಕೊಟ್ರು!"

"ಹೌದು ತಿಜಾನಿ, ಆದರೆ ಮೊದಲು ಸಾಲು."

"ಸೀ ಖಮೈಸ್, ಮನೇಲಿ ಕುಸ್‌ಕುಸ್ ಕಾಳನ್ನೂ ಎಣಿಸೇ ತಿಂತೀರಾ?" ಎಂದು, ಹೆಸರಿಗೆ ಗೌರವದ ‘ಸೀ’ ಸೇರಿಸಿಯೇ, ಹಿಂದಿನ ಸಾಲಿನಿಂದ ಕಲ್ಲು ಕೊರೆಯುವ ಅಮಾರಾ ಕೂಗುವನು. ಎಲ್ಲರೂ ನಗುವರು. ಎಣಿಕೆ ಮತ್ತೆ ಒಂದರಿಂದ.

ಸಂಘಕ್ಕೂ ತನ್ನದೊಂದು ಪದ್ಧತಿಯಿತ್ತು; ತಿಜಾನಿಯೇ ಕಲಿಸಿದ್ದು. ಹೆರಿಗೆಗೂ ಸಾವಿಗೂ ರಜೆ ಕೊಡದ ಕಂಪನಿಯ ಕಣ್ಣಿಗೆ ಮಣ್ಣೆರಚಲು, ಬಾರದವನ ಬಿಲ್ಲೆಯನ್ನು ಬಂದವನೊಬ್ಬ ಮೊಳೆಗೆ ಸಿಕ್ಕಿಸುವುದು, ಯಾರು ಕೇಳಿದರೂ ಬಾಯಿ ಬಿಡದಿರುವುದು. ಅಲ್ಲಿ ಅದು ಮಾನದ ಪ್ರಶ್ನೆ.

ಒಂದು ಬೆಳಿಗ್ಗೆ ಅದಿರು ಸಾಗಿಸುವ ರಬ್ಬರ್ ಪಟ್ಟಿಗೆ ಬೆಂಕಿ ಹತ್ತಿ ಮೂರನೇ ಸುರಂಗದಿಂದ ಕರಿಹೊಗೆ ಉಕ್ಕಿತು. ಕೆಮ್ಮುತ್ತ ಹೊರಬಂದವರೆಲ್ಲ ತಮ್ಮ ತಮ್ಮ ಬಿಲ್ಲೆ ಕಿತ್ತುಕೊಂಡ ಮೇಲೆ ಆ ಸುರಂಗದ ಹಲಗೆಯಲ್ಲಿ ಒಂದೇ ಉಳಿಯಿತು. ಅದು ತಿಜಾನಿಯ ತಮ್ಮ ಲಝರನದು. ಬೇರೆ ಸುರಂಗದಿಂದ ಓಡಿಬಂದ ತಿಜಾನಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡು ನುಗ್ಗಿದ. ಗಣಿಬಾಯಲ್ಲಿ ಎರಡೂ ಕೈ ಚಾಚಿ ಖಮೈಸ್ ನಿಂತಿದ್ದ.

"ಬಿಡ್ರಿ! ಒಳಗಿರೋದು ನನ್ನ ತಮ್ಮ!"

"ಗೊತ್ತು. ಈ ಹೊಗೇಲಿ ನೀನು ಇಪ್ಪತ್ತು ಹೆಜ್ಜೆ ಹೋಗ್ತೀಯ. ಆಮೇಲೆ ನಿನ್ನ ಹೊತ್ಕೊಂಡು ಬರೋಕೆ ಇನ್ನಿಬ್ಬರು ಬೇಕು."

"ಕಂಪನಿ ನಾಯಿ!" ತಿಜಾನಿ ಮುಖಕ್ಕೆ ಗುದ್ದಿದ. ಹಲ್ಲೊಂದು ಮುರಿಯಿತು. ಖಮೈಸ್ ರಕ್ತ ಉಗುಳಿದ, ಜಾಗ ಬಿಡಲಿಲ್ಲ. ಆಮ್ಲಜನಕದ ಸಿಲಿಂಡರು ಬೆನ್ನಿಗೇರಿಸಿಕೊಂಡ ಇಬ್ಬರು ರಕ್ಷಕರು ಅಪ್ಪಣೆಗೆ ಕಾಯುತ್ತಿದ್ದರು. ಅವರಿಗೂ ಹೆಂಡತಿ ಮಕ್ಕಳಿದ್ದರು. ಖಮೈಸ್ ಸಾಲಿನತ್ತ ತಿರುಗಿದ.

"ಇವತ್ತು ಲಝರನ್ನ ಕಣ್ಣಾರೆ ಕಂಡೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ಮತ್ತೆ ಬಿಲ್ಲೆ ತಾನೇ ನಡ್ಕೊಂಡು ಬಂತೇನ್ರೋ? ಇವರಿಬ್ಬರನ್ನ ಬೆಂಕಿಗೆ ಕಳಿಸ್ತಾ ಇದೀನಿ, ಬಾಯಿ ಬಿಡ್ರಿ!"

ಅಮಾರಾ ನೆಲ ನೋಡುತ್ತಿದ್ದ. ರಕ್ಷಕರು ಮುಖವಾಡ ಬಿಗಿದು ಒಂದು ಹೆಜ್ಜೆ ಇಟ್ಟರು.

"ನಿಲ್ಲಿಸಿ, ಸೀ ಖಮೈಸ್," ಎಂದ ಅಮಾರಾ. "ಬಿಲ್ಲೆ ಹಾಕಿದ್ದು ನಾನು. ಲಝರ್ ಅತ್ತೆ ಮನೆ ಮದುವೆಗೆ ಹೋಗಿದಾನೆ. ಅಣ್ಣಂಗೂ ಹೇಳಿಲ್ಲ."

ತಿಜಾನಿ ಅಲ್ಲೇ ಕುಕ್ಕರಿಸಿದ. "ಇಷ್ಟು ಹೊತ್ತು ಯಾಕೋ ಸುಮ್ಮನಿದ್ದೆ, ಕತ್ತೆ?"

"ನೀವೇ ಹೇಳಿಕೊಟ್ಟಿದ್ದಲ್ವಾ ಅಣ್ಣಾ, ಪ್ರಾಣ ಹೋದ್ರೂ ಬಾಯಿ ಬಿಡಬೇಡಿ ಅಂತ."

ಖಮೈಸ್ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ತೋಳಿನಿಂದ ತುಟಿ ಒರೆಸಿಕೊಂಡು, "ತಿಜಾನಿ, ಎದ್ದು ಸಾಲಿಗೆ ಬಾ. ನಿನ್ನನ್ನಿನ್ನೂ ಎಣಿಸಿಲ್ಲ" ಎಂದ. ಹಾಳು ಮುದುಕ ಎಂದು ಮನಸ್ಸಿನಲ್ಲೇ ಶಪಿಸುತ್ತ ತಿಜಾನಿ ಹೋಗಿ ನಿಂತ.

ಚಳವಳಿಯಲ್ಲಿ ತಲೆ ನರೆತವರಿಗೆ ನುಗ್ಗುವವರ ಮೇಲೆಯೇ ಮೋಹ. ನುಗ್ಗಿ ಸತ್ತವನಿಗೆ ಗೋಡೆಯ ಮೇಲೊಂದು ಪಟ, ಮೆರವಣಿಗೆಯಲ್ಲೊಂದು ಘೋಷಣೆ ಸಿಗುತ್ತದೆ. ಬಾಗಿಲಲ್ಲಿ ನಿಂತು ತಡೆಯುವವನಿಗೆ ಬೈಗುಳ. ಹೀಗೆ ತಡೆಯುವವರೊಡನೆ ಒಂದು ಲೋಟ ಚಹಾ ಕುಡಿಯುವುದೂ ಶಿಕ್ಷೆಯೇ, ಅವರೆಂದದ್ದು ನಿಜವೆಂದು ಗೊತ್ತಾದ ಮೇಲಂತೂ ಮುಖ ನೋಡುವುದೂ ಅಸಹನೀಯ. ಬೆಂಕಿಯಿಂದ ಎಳೆದು ತಂದವನ ಕೈಯನ್ನು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೆಂಕಿಗೆ ಹೋಗಗೊಡದವನಿಂದ ಉಳಿದ ಜೀವಗಳಿಗೆ ತಾವು ಉಳಿದದ್ದೇ ತಿಳಿಯುವುದಿಲ್ಲ. ಅವು ಸಂಜೆ ಮನೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಅವನನ್ನೇ ನಾಲ್ಕು ಮಾತು ಬೈದು, ಸುಖವಾಗಿ ನಿದ್ದೆ ಹೋಗುತ್ತವೆ.